ಏಕಾಂತಪ್ಪ ಒಪ್ಪದ ಮನೆಗಳು

ಏಕಾಂತಪ್ಪ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋಲ್ಟ್‌ಗಳ ಅಳತೆ ನೋಡುವವರು. ಇಪ್ಪತ್ತೆರಡು ವರ್ಷಗಳಿಂದ ಅದೇ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬೋಲ್ಟ್ ರಿಜೆಕ್ಟ್ ಡಬ್ಬಿಗೆ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಅವರ ಬಾಡಿಗೆ ಮನೆಯ ಚಾವಣಿಯ ಗಾರೆ ಮಂಚದ ಮೇಲೆ ಕಳಚಿಬಿತ್ತು. ಹೆಂಡತಿ ಉಚ್ಚೆಂಗೆಮ್ಮ ಆಗಷ್ಟೇ ಎದ್ದು ಅಡುಗೆಮನೆಗೆ ಹೋಗಿದ್ದರಿಂದ ಉಳಿದರು. ಅಂದೇ ಸ್ವಂತ ಮನೆ ಕೊಳ್ಳುವುದೆಂದು ಇಬ್ಬರೂ ತೀರ್ಮಾನಿಸಿದರು. ಆದರೆ ಎಂಜಿನಿಯರ್ ಕೈಲಿ ಪರೀಕ್ಷೆ ಮಾಡಿಸದೆ ಯಾವ ಮನೆಗೂ ಮುಂಗಡ ಕೊಡುವುದಿಲ್ಲ ಎಂದು ಏಕಾಂತಪ್ಪ ಹಟ ಹಿಡಿದರು. ಮನೆಗಳನ್ನು ತಪಾಸಣೆ ಮಾಡಿ ವರದಿ ಕೊಡುವ ಅಶ್ಫಾಕ್ ಎಂಬ ಎಂಜಿನಿಯರನ್ನು ಹುಡುಕಿಯೂ ಬಿಟ್ಟರು.

ಮೊದಲು ನೋಡಿದ್ದು ಹರಿಹರದ ಹೊಸ ಮನೆ. ಮಾಲೀಕ ಕೊಟ್ಟೂರೇಶ್‌ಗೆ ತಪಾಸಣೆಯ ಮಾತು ಕೇಳಿಯೇ ಸಿಟ್ಟು ಬಂತು.

"ನಾನೇನು ಕಳ್ಳಮಾಲು ಮಾರ್ತಿದೀನೇನ್ರಿ? ಇಷ್ಟು ಜನ ನೋಡ್ಯಾರೆ, ಒಬ್ರೂ ಗೋಡೆ ಕುಟ್ಟಿ ನೋಡ್ತೀನಿ ಅಂದಿಲ್ಲ."

ಕೊನೆಗೆ ಭಾನುವಾರ ಬನ್ನಿ ಎಂದವನು ಭಾನುವಾರ ಫೋನೇ ಎತ್ತಲಿಲ್ಲ. ಏಕಾಂತಪ್ಪ, ಅಶ್ಫಾಕ್ ಇಬ್ಬರೂ ಬೀಗ ಹಾಕಿದ ಗೇಟಿನ ಮುಂದೆ ಬಿಸಿಲಲ್ಲಿ ಎರಡು ತಾಸು ನಿಂತು ವಾಪಸಾದರು.

ಎರಡನೆಯದು ದಾವಣಗೆರೆಯಲ್ಲೇ ಸಿಕ್ಕಿತು. ಉಚ್ಚೆಂಗೆಮ್ಮನಿಗೆ ಅಲ್ಲಿನ ಅಡುಗೆಮನೆ ಎಷ್ಟು ಹಿಡಿಸಿತೆಂದರೆ ಒಲೆ ಎಲ್ಲಿ, ಮಿಕ್ಸಿ ಎಲ್ಲಿ ಎಂದು ಅಲ್ಲೇ ನಿಂತು ಯೋಚಿಸಿದ್ದರು. ಆದರೆ ಹೊಸ ಬಣ್ಣದ ಗೋಡೆಗೆ ಅಶ್ಫಾಕ್ ತೇವ ಅಳೆಯುವ ಮೀಟರ್ ಹಿಡಿದಾಗ ಅದು ಬಿಡದೆ ಕೂಗಿತು. ಒಂದಂತಸ್ತಿಗೆಂದು ಹಾಕಿದ ಹಳೆಯ ಪಾಯದ ಮೇಲೆ ಎರಡನೆಯ ಅಂತಸ್ತನ್ನೂ ಎತ್ತಿದ್ದರು. ಏಕಾಂತಪ್ಪ ಬೇಡವೆಂದರು. ಮರುವಾರವೇ ಪರಿಚಯದವರೊಬ್ಬರು ಆ ಮನೆ ಕೊಂಡು ಗೃಹಪ್ರವೇಶಕ್ಕೂ ಕರೆದರು. ಉಚ್ಚೆಂಗೆಮ್ಮ ಹೋಗಿ ಉಂಡು ಬಂದು, ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಾಯಿಬಿಟ್ಟರು.

"ಅದು ಬೋಲ್ಟ್ ಅಲ್ರೀ, ಮನೆ. ನೀವು ಹಿಂಗೇ ರಿಜೆಕ್ಟ್ ಮಾಡ್ಕೊಂತ ಕುಂತ್ರೆ ನಾವು ಬಾಡಿಗೆ ಮನೇಲೇ ಸಾಯ್ಬೇಕು."

ಇವತ್ತಿಗೂ ಆ ಮನೆ ನೆಟ್ಟಗೇ ನಿಂತಿದೆ. ಆ ಬೀದಿಯಲ್ಲಿ ಹೋಗಬೇಕಾದಾಗಲೆಲ್ಲ ಏಕಾಂತಪ್ಪನಿಗೆ ಒಳಗೊಳಗೇ ಉರಿಯುತ್ತದೆ.

ವರ್ಷ ಕಳೆಯುವ ಹೊತ್ತಿಗೆ ಇನ್ನೂ ಎರಡು ಮನೆ ಕೈಬಿಟ್ಟುಹೋದವು. ದಲ್ಲಾಳಿ ಬಸವಕಿರಣ್ ಇವರಿಗೆ ಮನೆ ತೋರಿಸುವುದನ್ನೇ ಬಿಟ್ಟ. ಕೊನೆಗೆ ಹರಿಹರದ ನಿವೃತ್ತ ಶಿಕ್ಷಕಿ ಅನ್ನಪೂರ್ಣಮ್ಮ ತಮ್ಮ ಮನೆ ಮಾರುವ ಸುದ್ದಿ ಬಂತು. ತಪಾಸಣೆಯ ದಿನ ಅವರು ಅಶ್ಫಾಕ್‌ಗೆ ಏಣಿಯನ್ನೂ ತಾವೇ ತರಿಸಿಟ್ಟಿದ್ದರು.

"ಈ ಮೂಲೇಲಿ ಮಳೆ ಬಂದ್ರೆ ನೀರಿಳಿತೈತೆ. ಎರಡು ಸಲ ರಿಪೇರಿ ಮಾಡ್ಸಿದೆ, ನಿಲ್ಲಲಿಲ್ಲ. ಆಮೇಲೆ ಹೇಳ್ಲಿಲ್ಲ ಅನ್ಬ್ಯಾಡ್ರಿ," ಎಂದರು.

ವರದಿ ಹನ್ನೊಂದು ಪುಟ ಬಂತು. ತಾರಸಿಯ ಇಳಿಜಾರು ತಪ್ಪಿದೆ, ಕರೆಂಟಿಗೆ ಅರ್ಥಿಂಗ್ ಇಲ್ಲ, ಬಚ್ಚಲ ಪೈಪು ಹಳೆಯದು. ಏಕಾಂತಪ್ಪ ಎರಡನೇ ಪುಟಕ್ಕೇ ತಲೆ ಅಲ್ಲಾಡಿಸಿದರು. ಉಚ್ಚೆಂಗೆಮ್ಮ ಕಾಗದಗಳನ್ನು ಅವರ ಕೈಯಿಂದ ತೆಗೆದುಕೊಂಡು ಅಶ್ಫಾಕ್ ಕಡೆ ತಿರುಗಿದರು.

"ಇದ್ರಾಗೆ ರಿಪೇರಿ ಆಗದೇ ಇರೋದು ಯಾವ್ದೈತೆ ಹೇಳ್ರಿ."

ಅಶ್ಫಾಕ್ ಹೇಳಿದ: "ಯಾವ್ದೂ ಇಲ್ರಿ ಅಮ್ಮ. ಪಾಯ, ಕಂಬ ಗಟ್ಟಿ ಅದಾವೆ."

ವರ್ಷವಿಡೀ ತಮಗೆ ಈ ಪ್ರಶ್ನೆ ಕೇಳಬೇಕೆಂದು ತೋಚಲಿಲ್ಲವಲ್ಲ ಎಂದು ಏಕಾಂತಪ್ಪ ತಮ್ಮ ಮೇಲೇ ಸಿಡುಕಿದರು. ಆದರೂ ಮುಂಗಡ ಕೊಟ್ಟರು.

ರಿಪೇರಿ ಹದಿನೈದು ದಿನದಲ್ಲಿ ಮುಗಿಸುತ್ತೇನೆಂದ ಮೇಸ್ತ್ರಿ ಮೂರು ತಿಂಗಳು ಎಳೆದ. ಮೊದಲ ದೊಡ್ಡ ಮಳೆಗೆ ಆ ಮೂಲೆಯಲ್ಲಿ ಹನಿ ನೀರೂ ಇಳಿಯಲಿಲ್ಲ. ವರದಿಯಲ್ಲೇ ಇರದ ಇನ್ನೊಂದು ಕಡೆ, ದೇವರ ಕೋಣೆಯ ಪಕ್ಕ ಸೋರಿತು. ಏಕಾಂತಪ್ಪ ಫೋನಿನಲ್ಲೇ ಅಶ್ಫಾಕ್‌ನನ್ನು ತರಾಟೆಗೆ ತೆಗೆದುಕೊಂಡರು. ಅವನು ಮಳೆಯಲ್ಲೇ ಬಂದು ತಾರಸಿ ಹತ್ತಿ, ಟ್ಯಾಂಕಿನ ಕೆಳಗಿನ ಸಣ್ಣ ಬಿರುಕು ತನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಒಪ್ಪಿಕೊಂಡ. ಬೈಯಲೆಂದು ಸಿದ್ಧವಾಗಿದ್ದ ಏಕಾಂತಪ್ಪ ತಾರಸಿಯಲ್ಲೇ ಅವನ ಪಕ್ಕಕ್ಕೆ ಬಂದು ನಿಂತರು. ಗೊಣಗುತ್ತಲೇ ಛತ್ರಿ ಬಿಚ್ಚಿ ಅವನ ತಲೆಯ ಮೇಲೆ ಹಿಡಿದು, ಆ ಬಿರುಕು ಎಷ್ಟು ಉದ್ದವಿದೆ ಎಂದು ತಾವೂ ಬಗ್ಗಿ ನೋಡಿದರು.