ಬೆರಳಿಗೆ ತಿಳಿಯದ ಮೊನೆ

ಬಾಣದ ಮೊನೆ ಬೆರಳಿಗೆ ತಾಗಿದ್ದು ಗೊತ್ತಾಗದೆ ಹೋದ ಮೊದಲ ದಿನ, ಯಾರೋ ನನ್ನ ಕೈಗೆ ಉದ್ದದ ಬಾಣ ಕೊಟ್ಟಿದ್ದಾರೆ ಅಂದುಕೊಂಡೆ. ಎಳೆದೆ, ಇನ್ನೂ ಎಳೆದೆ, ಮೊನೆ ಬರಲೇ ಇಲ್ಲ. ಹಿಂದೆ ನಿಂತಿದ್ದ ವಾದ್ಯಾರು "ಇಳ್ಸು! ಇಳ್ಸು!" ಅಂತ ಕೂಗಿದರು. ನೋಡಿದರೆ ಮೊನೆ ಆಗಲೇ ಬೆರಳು ದಾಟಿ, ಬಿಲ್ಲಿನ ಒಳಮಗ್ಗುಲಿಗೆ ಬಂದು, ಹೆಬ್ಬೆರಳಿನ ಬುಡದ ಮೇಲೆ ಕೂತಿತ್ತು. ಬಿಟ್ಟಿದ್ದರೆ ನನ್ನ ಕೈಯೇ ತೂತಾಗುತ್ತಿತ್ತು.

ಉದ್ದನಪಲ್ಲಿಯಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಒಂದು ಬಯಲಿದೆ. ಸರ್ಕಾರಿ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರೊಬ್ಬರು ಅಲ್ಲಿ ಮಕ್ಕಳಿಗೆ ಬಿದಿರು ಬಿಲ್ಲು ಹೇಳಿಕೊಡುತ್ತಾರೆ. ಊರಿಗೆಲ್ಲ ಅವರು ವಾದ್ಯಾರು, ಅಂದರೆ ಮೇಷ್ಟ್ರು. ಮಗಳನ್ನು ಸೇರಿಸಲು ಹೋದವಳು ನಾನು. ಅವಳಿಗೆ ತಿಂಗಳಲ್ಲೇ ಬೇಸರ ಬಂತು, ನಾನು ಉಳಿದುಬಿಟ್ಟೆ. ಹೊಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವಳಿಗೆ ಮನೆಯೊಳಗೆ ಹೋಗುವ ಮೊದಲು ಹಾಗೆ ಬಯಲಲ್ಲಿ ನಿಂತು ಉಸಿರು ಬಿಡುವುದು ಬೇಕಾಗಿತ್ತು ಅಂತ ಕಾಣುತ್ತದೆ.

ಬಿದಿರು ಬಿಲ್ಲಿಗೆ ಗುರಿ ನೋಡುವ ಸಾಧನ ಇಲ್ಲ, ಎಷ್ಟು ಎಳೆದೆ ಅಂತ ಹೇಳುವ ಸಾಧನವೂ ಇಲ್ಲ. ಎಳೆತ ದಿನಾ ಒಂದೇ ಅಳತೆಯಲ್ಲಿ ಇರದಿದ್ದರೆ ಬಾಣ ಒಂದು ಸಲ ಮುಂದೆ, ಒಂದು ಸಲ ಹಿಂದೆ. ಅದಕ್ಕೇ ವಾದ್ಯಾರು ಮೊದಲ ದಿನವೇ ಹೇಳಿದ್ದರು: "ಕಣ್ಣು ಗುರಿ ಮ್ಯಾಲಿರ್ಲಿ. ಬಿಲ್ ಹಿಡಿದ ಕೈ ತೋರ್‌ಬೆರಳು ಒಸಿ ಮುಂದ್ಕಿರ್ಲಿ. ಮೊನೆ ಬಂದು ಆ ಬೆರಳ ಮುಟ್ತದೆ. ಮುಟ್ತಾ, ಬಿಡು. ಮುಟ್ಟಿಲ್ವಾ, ಬಿಡ್‌ಬ್ಯಾಡ." ತಣ್ಣಗಿನ ಲೋಹ ಬೆರಳ ತುದಿಗೆ ತಾಗುವ ಆ ಕ್ಷಣ ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಬಾಣ ಬಿಡುತ್ತಿದ್ದುದು ನಾನಲ್ಲ, ಆ ಬೆರಳೇ.

ಆಮೇಲೆ ಹೊಟ್ಟೆಯಲ್ಲಿ ಗಡ್ಡೆ ಬಂತು. ಆಪರೇಷನ್ ಆಯಿತು, ಔಷಧಿ ಏರಿಸಿದರು. ಕೂದಲು ಉದುರುತ್ತದೆ ಅಂತ ಎಲ್ಲರೂ ಹೇಳಿದ್ದರು. ಬೆರಳು ಸಾಯುತ್ತವೆ ಅಂತ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಮೊದಲು ಜುಮ್ಮೆನ್ನುತ್ತಿತ್ತು. ಆಮೇಲೆ ಅದೂ ನಿಂತಿತು. ರವಿಕೆಯ ಹುಕ್ಕು ಹಾಕಿಕೊಳ್ಳಲು ಕನ್ನಡಿ ಬೇಕಾಯಿತು. ಲೋಟ ಕೈಯಲ್ಲಿದೆ ಅಂತಲೇ ಇರುತ್ತಿದ್ದೆ, ಅದು ನೆಲದ ಮೇಲೆ ಸದ್ದು ಮಾಡುತ್ತಿತ್ತು. ಒಂದು ದಿನ ಮುದ್ದೆ ಪಾತ್ರೆ ಇಳಿಸುವಾಗ ಅತ್ತೆ ಕಿರುಚಿದ ಮೇಲೇ ನನ್ನ ಕೈ ಸುಡುತ್ತಿದೆ ಅಂತ ತಿಳಿದದ್ದು. ಚಿಕ್ಕ ಚಿಕ್ಕ ಸ್ಕ್ರೂ ಕೂರಿಸುವ ನನ್ನ ಕೆಲಸ ಕಾರ್ಖಾನೆಯಲ್ಲಿ ಬೇರೆಯವರ ಪಾಲಾಯಿತು. ನನ್ನನ್ನು ಡಬ್ಬಿ ಅಂಟಿಸುವ ಕಡೆಗೆ ಹಾಕಿದರು. ಡಾಕ್ಟರಮ್ಮ ಪ್ರತಿ ಸಲವೂ ತಮಿಳಿನಲ್ಲಿ "ಪೋಗಪ್ಪೋಗ ಸರಿಯಾಯಿಡುಂ" ಅನ್ನುತ್ತಿದ್ದರು, ಬರಬರುತ್ತಾ ಸರಿಹೋಗುತ್ತದೆ ಅಂತ. ಒಂದು ಸಲ ಒತ್ತಿ ಕೇಳಿದೆ. ಕಾಗದದ ಮೇಲಿಂದ ತಲೆ ಎತ್ತದೆ ಹೇಳಿದರು, ಕೆಲವರಿಗೆ ಆಗುವುದಿಲ್ಲ.

ಭಾರ ಎತ್ತಬಹುದು ಅಂತ ಅವರು ಒಪ್ಪಿಗೆ ಕೊಟ್ಟ ವಾರವೇ ಬಯಲಿಗೆ ಓಡಿದ್ದೆ. ಅಲ್ಲಿಗೆ ಹೋದರೆ ನಾನು ಮತ್ತೆ ನಾನಾಗುತ್ತೇನೆ ಅಂತ ಎಲ್ಲ ಬಿಟ್ಟು ಅದೊಂದನ್ನೇ ನಂಬಿದ್ದೆ. ಅಲ್ಲೂ ಮೊನೆ ನನ್ನನ್ನು ಮುಟ್ಟದೆ ದಾಟಿಹೋಯಿತು.

ಬಿಡಲಿಲ್ಲ. ಮೊನೆಯನ್ನೇ ಕಣ್ಣಲ್ಲಿ ನೋಡುತ್ತಾ ಎಳೆದೆ. ಗುರಿ ತಪ್ಪಿ ಬಾಣ ಪಕ್ಕದ ಟೊಮೇಟೊ ತೋಟಕ್ಕೆ ಹೋಯಿತು. ಹೆದರಿ ಅರ್ಧಕ್ಕೇ ಬಿಟ್ಟೆ, ಹುಲ್ಲಿನ ಗುರಿಗೆ ಮುಂಚೆಯೇ ಮಣ್ಣಿಗೆ ಬಿತ್ತು. ಬಾಣಕ್ಕೆ ಕೆಂಪು ದಾರ ಕಟ್ಟಿ, ಓರೆಗಣ್ಣಲ್ಲಿ ಅದು ಕಂಡಾಗ ಬಿಡೋಣ ಅಂದುಕೊಂಡೆ. ಕಣ್ಣು ದಾರಕ್ಕೂ ಗುರಿಗೂ ನಡುವೆ ಓಡಾಡಿ ತೋಳು ನಡುಗುವುದಕ್ಕೆ ಶುರುವಾಯಿತು. ಅದೇ ನಡುಕದಲ್ಲಿ ಒಂದು ಬಾಣ ಒಳಗೆ ಜಾರಿ ಬಿಲ್ಲಿಗೆ ಬಡಿದು ಸೀಳಿಹೋಯಿತು. ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ನೋವಿರಲಿಲ್ಲ. ಆ ನೋವಿಲ್ಲದ ರಕ್ತ ನೋಡಿ ಅಳು ಬಂತು.

ವಾದ್ಯಾರು ಬಿಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಸಾಕು ಕಣಮ್ಮ. ನಾಳೆ ಇದು ಕಣ್ಣಿಗೆ ಹೊಡೆದ್ರೆ ನಿನ್ ಗಂಡನಿಗೆ ನಾನೇನ್ ಹೇಳ್ಲಿ?"

"ಇನ್ನೊಂದ್ ದಪ ನೋಡ್ತೀನಿ ಸಾರ್. ಕೈ ಮುಗೀತೀನಿ."

"ನೀನು ಬಂದು ಮಕ್ಕಳ ಜೊತೆ ಕೂತ್ಕೋ. ಬ್ಯಾಡ ಅನ್ನಲ್ಲ. ಬಿಲ್ ಮಾತ್ರ ಮುಟ್ಬ್ಯಾಡ."

ಆಸ್ಪತ್ರೆಯಲ್ಲಿ ಗಡ್ಡೆಯ ಹೆಸರು ಹೇಳಿದಾಗಲೂ ನಾನು ಯಾರ ಮುಂದೆಯೂ ಅಷ್ಟು ಬೇಡಿರಲಿಲ್ಲ. ಮಕ್ಕಳು ನೋಡುತ್ತಿದ್ದಾರೆ ಅನ್ನುವುದೂ ಮರೆತು ಬೇಡಿದೆ. ಅವರು ಬಿಲ್ಲಿನ ಹೆದೆ ಬಿಚ್ಚಿ ಸುತ್ತಿ ಜೇಬಿಗೆ ಹಾಕಿಕೊಂಡರು. ಮನೆಗೆ ಬಂದು ಹಿತ್ತಲಿನ ಕಲ್ಲಿಗೆ ಆ ತೋರುಬೆರಳನ್ನು ಕುಟ್ಟಿದೆ. ಒಂದು ಸಲವಾದರೂ ನೋಯಲಿ ಅಂತ. ಗಂಡ ಬಂದು ಕೈ ಹಿಡಿದುಕೊಂಡು, "ಬಿಟ್ಬುಡೇ. ಜೀವ ಉಳೀತಲ್ಲ, ಸಾಲ್ದಾ?" ಅಂದರು. ಸಾಲದು ಅಂತ ಅವರಿಗೆ ಹೇಗೆ ಹೇಳಲಿ? ಅವರು ನನಗಾಗಿ ಪಟ್ಟ ಪಾಡು ಕಣ್ಣಾರೆ ನೋಡಿದವಳು ನಾನು. ಆದರೆ ಉಳಿದ ಜೀವ ಯಾವುದನ್ನೂ ಮುಟ್ಟುತ್ತಿರಲಿಲ್ಲ.

ಅತ್ತೆ ಸಂಜೆ ಹೊತ್ತು ನನ್ನ ಕೈಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಡಾಕ್ಟರಿಗೂ ಅದಕ್ಕೂ ಸಂಬಂಧವಿಲ್ಲ, ಅವರಿಗೆ ಸುಮ್ಮನಿರಲು ಆಗುತ್ತಿರಲಿಲ್ಲ, ಅಷ್ಟೆ. ಬೆರಳ ತುದಿಯಿಂದ ಶುರು ಮಾಡಿ, ಉಗುರಿನಿಂದ ಚುಚ್ಚುತ್ತಾ ಕೇಳುತ್ತಿದ್ದರು.

"ಇಲ್ಲಿ ತಿಳೀತದಾ ಮಗಾ?"

"ಇಲ್ಲ ಅತ್ತೆ."

"ಇಲ್ಲಿ?"

"ಇಲ್ಲ."

ದಿನಾ ಅದೇ ಪ್ರಶ್ನೆ, ಅದೇ ಉತ್ತರ. ನನಗೆ ರೇಗುತ್ತಿತ್ತು. ಒಂದು ಸಂಜೆ ಕೈ ಕಿತ್ತುಕೊಳ್ಳಬೇಕು ಅನ್ನುವಷ್ಟರಲ್ಲಿ ಅವರ ಉಗುರು ತೋರುಬೆರಳಿನ ಬುಡದ ಗೆಣ್ಣಿನ ಮೇಲೆ ಹಾದುಹೋಯಿತು. ಮುಷ್ಟಿ ಹಿಡಿದರೆ ಎದ್ದು ನಿಲ್ಲುತ್ತದಲ್ಲ, ಆ ಗೆಣ್ಣು.

"ಅಲ್ಲಿ ತಿಳೀತದೆ," ಅಂದೆ.

"ಅಲ್ಲಿ ಮೊದ್ಲಿಂದ್ಲೂ ತಿಳೀತದೆ ಅಂತಿದ್ಯಲ್ಲ," ಅಂದು ಅವರು ಮುಂದಿನ ಬೆರಳಿಗೆ ಹೋದರು.

ಹೌದು, ಅನ್ನುತ್ತಿದ್ದೆ. ಅದರ ಬಗ್ಗೆ ಯೋಚಿಸಿರಲಿಲ್ಲ. ಬಾಣ ಜಾರಿಕೊಂಡು ಬರುವುದು ಆ ಗೆಣ್ಣಿನ ಮೇಲೆಯೇ. ಮೊನೆಯ ಲೋಹದ ಟೋಪಿ ಬಿದಿರಿನ ಕಡ್ಡಿಗಿಂತ ಕೂದಲೆಳೆಯಷ್ಟು ದಪ್ಪ, ಅದರ ಅಂಚು ಎದ್ದಿರುತ್ತದೆ. ಎಣ್ಣೆ ಕೈಯಲ್ಲೇ ಎದ್ದು ಹೋಗಿ ಅಟ್ಟದಿಂದ ಹಳೇ ಬಾಣ ತೆಗೆದೆ. ಕಣ್ಣು ಮುಚ್ಚಿ ಮುಷ್ಟಿಯ ಮೇಲೆ ಎಳೆದೆ. ಕಡ್ಡಿ ನುಣ್ಣಗೆ ಬಂತು, ಬಂತು, ಆಮೇಲೆ ಅಂಚು ಗೆಣ್ಣಿಗೆ ತಗುಲಿತು. ತೀರಾ ಸಣ್ಣಗೆ. ನಾನೇ ಕಲ್ಪಿಸಿಕೊಂಡೆನೋ ಅನ್ನುವಷ್ಟು ಸಣ್ಣಗೆ. ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು, "ಏನಾಯ್ತಮ್ಮೀ ನಿಂಗೆ?" ಅಂದರು.

ಬೆಳಗ್ಗೆ ವಾದ್ಯಾರ ಮುಂದೆ ನಿಂತೆ. ಅವರು ಕೇಳಲು ಒಪ್ಪಲಿಲ್ಲ. "ಬಾಣ ಬಿಡೋದಿಲ್ಲ ಸಾರ್. ಎಳೀತೀನಿ, ಇಳಿಸ್ತೀನಿ. ಕಣ್ ಮುಚ್ಕೊಂಡಿರ್ತೀನಿ. ಮೊನೆ ಬಂದಾಗ ಬಂತು ಅಂತೀನಿ. ತಪ್ಪಿದ್ರೆ ಮನೆಗೆ ಹೋಗ್ಬುಡ್ತೀನಿ." ಅವರು ಬೈದುಕೊಳ್ಳುತ್ತಲೇ ಹೆದೆ ಏರಿಸಿದರು. ಎಳೆದು "ಬಂತು" ಅಂದೆ. ಅವರು ಬಗ್ಗಿ ಮೊನೆ ನೋಡಿ, ಸರಿಯಾಗಿದೆ ಅಂತ ತಲೆಯಾಡಿಸಿದರು. ಮತ್ತೆ ಎಳೆದೆ. ಒಂದು ಸಲ ತಪ್ಪಿದೆ, ಅಂಚು ದಾಟಿತ್ತು. ಬಿಲ್ಲು ಇಳಿಸಿ ಮನೆಗೆ ಹೋಗಲು ತಿರುಗಿದೆ. "ಎಲ್ಗೋಯ್ತೀಯ? ಕೈ ಬೆವೆತದೆ, ಒರೆಸ್ಕೊಂಡು ಎಳಿ," ಅಂದರು.

ಕೊನೆಗೆ ಬಿಡಲು ಹೇಳಿದಾಗ ಬಾಣ ಗುರಿಯ ಕೆಳಅಂಚಿಗೆ ನೆಟ್ಟುಕೊಂಡಿತು. ಅದೇನು ಹೇಳಿಕೊಳ್ಳುವ ಹೊಡೆತವಲ್ಲ. ಹತ್ತಿರ ಹೋಗಿ ಅದನ್ನು ಕೀಳುವಾಗ ಕೈಯಲ್ಲಿ ಬಾಣವಿದೆಯೋ ಇಲ್ಲವೋ ಅಂತ ಕಣ್ಣಿಟ್ಟೇ ನೋಡಬೇಕಾಯಿತು.

ಬೆರಳು ಮರಳಲಿಲ್ಲ. ಗಡ್ಡೆ ಮರಳಿದೆಯೇ ಅಂತ ಕೆಲವು ತಿಂಗಳಿಗೊಮ್ಮೆ ನೋಡುತ್ತಾರೆ. ಉತ್ತರ ಬರುವ ತನಕ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಮ್ಮ ಕಡೆ ಪುಷ್ಯ ಮಾಸದ ಬೆಳಗಿನಲ್ಲಿ ಚಳಿ, ಮಂಜು ಜಾಸ್ತಿ, ಅಂಥ ದಿನ ಗೆಣ್ಣೂ ಮಂಕಾಗುತ್ತದೆ. ಹೋದ ವಾರ ಹಾಗೇ ಆಯಿತು. ಎಳೆದೆ, ಕಾದೆ, ಗೆಣ್ಣು ಏನೂ ಹೇಳಲಿಲ್ಲ. ಎಲ್ಲಿಯವರೆಗೆ ಬಂದಿದ್ದೇನೆ ಅಂತ ತಿಳಿಯದೆ ಆ ಮಂಜಿನಲ್ಲಿ ಹೆದೆ ಹಿಡಿದು ನಿಂತೆ. ಬಿಡಲಿಲ್ಲ. ಮೆಲ್ಲಗೆ ಇಳಿಸಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿಲು ಬರುವುದನ್ನು ಕಾಯುತ್ತಾ ಕೂತೆ.