ನನ್ನ ಮನೆಯಲ್ಲಿ ನನಗೇ ಜಾಗವಿಲ್ಲ ಅಂದರು

ಮಿರಜಿನ ಆ ಮನೆಯನ್ನು ನನ್ನ ಬಂಗಾರ ಮಾರಿ ಕೊಂಡದ್ದು. ನಮ್ಮವರದು ಸಾಂಗಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರ. ಬಂಗಾರದ ರೊಕ್ಕವನ್ನು ಅಂಗಡಿಯ ಮಾಲಿಗೆ ಹಾಕೋಣ ಅಂದರು. ನಾನು ಒಪ್ಪಲಿಲ್ಲ. ಮಿರಜಿನಲ್ಲಿ ರೈಲು ಜಂಕ್ಷನ್ ಇತ್ತು, ದೊಡ್ಡ ದವಾಖಾನೆ ಇತ್ತು. ಬಾಡಿಗೆ ಮನೆ ಅಲ್ಲಿ ಬಹಳ ದಿವಸ ಖಾಲಿ ಬೀಳುವುದಿಲ್ಲ ಎಂದು ನನ್ನ ಲೆಕ್ಕ. ಆದರೂ ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಹಿಡಿದೆ. ಅದರಲ್ಲಿ ಮುನಸಿಪಾಲ್ಟಿ ತೆರಿಗೆ, ಸುಣ್ಣ, ಮಳೆಗಾಲದ ಮುಂಚೆ ಹಂಚು ತಿರುವಿಸುವ ಕೂಲಿ ಕಳೆದೆ. ಉಳಿದದ್ದು ಸಾವಕಾರ ಕೊಡುವ ಬಡ್ಡಿಗಿಂತ ತುಸು ಕಡಿಮೆಯೇ. ಆದರೆ ಸಾವಕಾರ ದಿವಾಳಿ ಎದ್ದರೆ ಎಲ್ಲವೂ ಹೋಯಿತು. ಮನೆ ನಿಂತಲ್ಲೇ ನಿಂತಿರುತ್ತದೆ.

ನಮ್ಮವರು ನಕ್ಕು, "ಹಂಗಾರ ನೀನೇ ಅಂಗಡಿ ಗಾದಿ ಮ್ಯಾಲೆ ಕುಂದರು, ನಾ ಒಲಿ ಮುಂದ ಕುಂದರತೇನಿ" ಅಂದರು. ಒಳಗೊಳಗೆ ಅವರಿಗೆ ಹೆಮ್ಮೆ ಇತ್ತು.

ಬಾಡಿಗೆದಾರರನ್ನು ನಾನೇ ಆರಿಸಿದೆ. ಯಾವ ಊರು, ಮನೆಯಲ್ಲಿ ಎಷ್ಟು ಮಂದಿ, ಹಿಂದಿನ ಮನೆ ಯಾಕೆ ಬಿಟ್ಟಿರಿ, ನಿಮ್ಮ ಬಗ್ಗೆ ಹೇಳುವವರು ಯಾರು, ಎಲ್ಲ ಕೇಳುತ್ತಿದ್ದೆ. ರೈಲ್ವೆಯವನೊಬ್ಬ ಬಂದ, ಅವನಿಗೆ ಯಾವಾಗ ಬೇಕಾದರೂ ವರ್ಗ. ಮಾಧವನಗರದ ಗಿರಣಿಯವನೊಬ್ಬ ಬಂದ. ಅವನ ಹಳೆಯ ಮಾಲಕರನ್ನು ವಿಚಾರಿಸಿದರೆ, ಕುಡಿದು ಬಾಗಿಲು ಮುರಿದಿದ್ದನಂತೆ. ಕಡೆಗೆ ಮಿರಜಿನಲ್ಲೇ ಇದ್ದ ನನ್ನ ಮಾವಶಿ ಒಂದು ಜೋಡಿಯನ್ನು ಕರೆದುಕೊಂಡು ಬಂದಳು. ಮಾವಶಿ ಅಂದರೆ ನನ್ನ ತಾಯಿಯ ತಂಗಿ; ತಾಯಿ ಹೋದ ಮೇಲೆ ನನ್ನ ಎರಡು ಬಾಣಂತನ ಮಾಡಿದವಳು. ಆ ಜೋಡಿಯಲ್ಲಿ ಗಂಡ ದಲಾಲಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ, ಹೆಂಡತಿ ಸಲಗರೆ ಕಡೆಯವಳು, ನಮ್ಮ ಹಾಗೆಯೇ ಕನ್ನಡದವರು.

"ಮನಿಯಾಗ ಎಷ್ಟು ಮಂದಿ?"

"ನಾವಿಬ್ಬರ ರೀ ಅಕ್ಕಾರ," ಅಂದಳು ಅವಳು. ಮಾವಶಿ ನನ್ನ ಕೈಮೇಲೆ ಕೈಯಿಟ್ಟು, "ಇವರಿಗೆ ನಾ ಜಾಮೀನು. ಮತ್ತೇನು ಕೇಳತಿ?" ಅಂದಳು. ಕೀಲಿಕೈ ಕೊಟ್ಟೆ.

ಪ್ರತಿ ತಿಂಗಳು ಅಮಾವಾಸ್ಯೆಯ ಮರುದಿನ ಹೋಗಿ ಬಾಡಿಗೆ ತರುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ. ಅಂಗಳ ಗುಡಿಸಿರುತ್ತಿತ್ತು, ಅವಳು ಚಹ ಕೊಡುತ್ತಿದ್ದಳು, ನನಗಾಗಿ ಎತ್ತಿಟ್ಟ ಶೇಂಗಾ ಹೋಳಿಗೆ ಕಟ್ಟಿ ಕಳಿಸುತ್ತಿದ್ದಳು. ತಂಗಿಯಿಲ್ಲದ ನನಗೆ ಅವಳು ತಂಗಿಯಂತಾದಳು.

ಒಂದು ಸಲ ಮಿರಜಿನಲ್ಲಿ ಲಗ್ನವಿತ್ತು. ಊಟ ಬೇಗ ಮುಗಿಯಿತು, ಬಾಡಿಗೆ ಮನೆಯ ಕಡೆ ಹೆಜ್ಜೆ ಹಾಕಿದೆ. ಅಮಾವಾಸ್ಯೆ ಇನ್ನೂ ದೂರವಿತ್ತು.

ಕಟ್ಟೆಯ ಮೇಲೆ ಅಪರಿಚಿತ ಹೆಂಗಸೊಬ್ಬಳು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ, "ನಿಮ್ಮವರು ದವಾಖಾನ್ಯಾಗ ಅದಾರೇನ್ರಿ? ಇಲ್ಲಿ ಜಾಗಾ ಇಲ್ಲರೀ. ಎಲ್ಲಾ ತುಂಬೇತಿ" ಅಂದಳು.

ಒಳಗೆ ಇಣುಕಿದೆ. ನಡುಮನೆಯಲ್ಲಿ ಸಾಲಾಗಿ ಚಾಪೆ, ಗಂಟುಗಳು, ಮೂರು ಒಲೆಗಳ ಹೊಗೆ. ಗೋಕಾಕ, ಅಥಣಿ ಕಡೆಯಿಂದ ರೋಗಿಗಳ ಸಂಗಡ ಬಂದವರು. ಮೂಲೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕನೊಬ್ಬ ಕೂತಿದ್ದ. ನನ್ನ ಹೆಜ್ಜೆ ಕೇಳಿ, "ಯಾರವ್ವಾ? ಕುಂದ್ರು, ದಣಿದಿರಬೇಕು," ಅಂದ. ಕೂತೆ.

"ಇಲ್ಲಿ ಚಲೋ ಐತೇನಜ್ಜಾ?"

"ಚಲೋ ಐತವ್ವಾ. ನಮಗ ಜಾಗಾ ಕೊಟ್ಟ ತಾಯಿ ಭಾಳ ಪುಣ್ಯವಂತಿ. ಮನಿ ಮಾಲಕಿ ಮಾತ್ರ ಕೆಟ್ಟಾಕಿ ಅಂತ. ಸಾಂಗಲ್ಯಾಗ ಇರತಾಳ. ಕಂಡರ ನಮ್ಮನ್ನ ಬೀದಿಗೆ ಹಾಕತಾಳಂತ. ಆಕಿ ಬರೋ ದಿವಸ ನಮ್ಮನ್ನ ಗಂಟು ಸಹಿತ ಸ್ಟೇಶನ್ನಿಗೆ ಕಳಸತಾರ. ಆಕಿ ಹೋದ ಮ್ಯಾಲೆ ತಿರುಗಿ ಬರೂದು. ಮೊನ್ನಿ ಬಿಸಲಾಗ ಕಣ್ಣು ಭಾಳ ಉರದುವು."

ಅಷ್ಟರಲ್ಲಿ ಗುಮಾಸ್ತನ ಹೆಂಡತಿ ಹಿತ್ತಲಿಂದ ಕೊಡ ಹೊತ್ತು ಬಂದಳು. ನನ್ನನ್ನು ಕಂಡು ನಿಂತಲ್ಲೇ ನಿಂತಳು. ಅಳಲಿಲ್ಲ. ಕೊಡ ಇಳಿಸಿ, "ನಿಮ್ಮ ಬಾಡಿಗಿ ಒಂದು ತಿಂಗಳರ ತಪ್ಪೇತೇನ್ರಿ ಅಕ್ಕಾರ?" ಅಂದಳು.

"ಇವರ ಕಡಿಂದ ಏನು ತಗೋತಿ?"

"ನನ್ನ ಒಬ್ಬಾಕಿನ್ನ ಯಾಕ ಕೇಳತೀರಿ? ಮಂದೀನ್ನ ಕಳಸೋರು ನಿಮ್ಮ ಮಾವಶೀನ ಅದಾರ," ಅಂದಳು.

ಮುದುಕನಿಗೆ ನಾನು ಯಾರೆಂಬುದು ತಿಳಿಯಿತು. ಕೈಯಾಡಿಸಿ ಗಂಟು ಹುಡುಕತೊಡಗಿದ. "ತಪ್ಪಾತ್ರಿ ತಾಯಿ, ಹೋಗತೇವ್ರಿ." ನಾನು ಅವನ ಕೈ ಹಿಡಿದು, "ಅಜ್ಜಾ, ಕಣ್ಣು ವಾಸಿಯಾಗೂ ತನಕ ಇಲ್ಲೇ ಇರು. ಯಾರೂ ಏನೂ ಅನ್ನೂದಿಲ್ಲ" ಅಂದೆ. ಅವನು ಕೈ ಬಿಡಿಸಿಕೊಂಡ.

ಅಲ್ಲಿಂದ ನೇರ ಮಾವಶಿಯ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಕೇಳಿದೆ. ಅಲ್ಲಗಳೆಯಲಿಲ್ಲ.

"ಅಕಿ ನನಗೂ ಸ್ವಲ್ಪ ಕೊಡತಿದ್ದಳು. ವಿಧವಿ ಮುದುಕಿ, ನನಗ ಯಾರು ಕೊಡತಾರ? ನಿನಗೇನು ಕಮ್ಮಿ ಆತು ಹೇಳು."

"ನನ್ನ ಕೇಳಿದ್ದರ ನಾನ ಕೊಡತಿದ್ದೆ ಮಾವಶಿ."

"ನಿನ್ನ ಮುಂದ ಕೈ ಒಡ್ಡಬೇಕೇನು ನಾನು?" ಅಂದಳು. ಬತ್ತಿ ಹೊಸೆಯುವುದನ್ನು ನಿಲ್ಲಿಸಲೇ ಇಲ್ಲ.

ಕೈ ಒಡ್ಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಬಡತನ ಮುಚ್ಚಿಕೊಳ್ಳಲು ನನ್ನನ್ನೇಕೆ ರಾಕ್ಷಸಿ ಮಾಡಬೇಕಿತ್ತು? ಊರೂರಿನಿಂದ ಬಂದ ಮಂದಿ ನನ್ನ ಮುಖ ಕಾಣದೆಯೇ ನನಗೆ ಹೆದರಿ ಬಿಸಿಲಲ್ಲಿ ಕೂತಿದ್ದರು. ಅದನ್ನು ಮಾಡಿದವಳು ನನ್ನ ಮಕ್ಕಳಿಗೆ ಎಣ್ಣೆ ಹಚ್ಚಿ ಎರೆದವಳು.

ತಿರುಗಿ ಬರುವಷ್ಟರಲ್ಲಿ ನಡುಮನೆ ಖಾಲಿಯಾಗಿತ್ತು. ಮುದುಕನನ್ನೂ ಟಾಂಗಾದಲ್ಲಿ ಕೂರಿಸಿಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಗುಮಾಸ್ತನ ಹೆಂಡತಿ ಹೇಳಲಿಲ್ಲ. ದವಾಖಾನೆಯ ಅಂಗಳದಲ್ಲಿ, ಸ್ಟೇಶನ್ನಿನಲ್ಲಿ ಹುಡುಕಿದೆ, ಸಿಗಲಿಲ್ಲ. ನಾನು ಇರಿ ಅಂದದ್ದನ್ನು ಅವರು ಯಾರೂ ನಂಬಿರಲಿಲ್ಲ.

ಕೋರ್ಟು ಕಚೇರಿಗೆ ಹೋಗೋಣ ಅಂದರೆ, ಆಗ ರಾಜರ ಕಾಲ, ಸಾಂಗಲಿಯದೊಂದು ಸಂಸ್ಥಾನ, ಮಿರಜಿನದು ಇನ್ನೊಂದು. ಬೇಡ ಅಂದರು ನಮ್ಮವರು. ಗುಮಾಸ್ತ ತಾನಾಗಿಯೇ ಮನೆ ಬಿಟ್ಟ. ಆಮೇಲೆ ಬಂದ ಬಾಡಿಗೆದಾರರ ಜೊತೆ ನಾನು ಚಹ ಕುಡಿಯಲಿಲ್ಲ, ಹೊಸ್ತಿಲಲ್ಲೇ ನಿಂತು ಮಾತಾಡಿ ಬರುತ್ತಿದ್ದೆ. ಮಾವಶಿ ಕಡೆಯ ಕಾಲದಲ್ಲಿ ಹಾಸಿಗೆ ಹಿಡಿದಾಗ ಸಾಂಗಲಿಗೆ ಕರೆತಂದು ನಾನೇ ನೋಡಿಕೊಂಡೆ. ಔಷಧ ಕುಡಿಸುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನಾನೂ ಅವಳ ಮುಖ ನೋಡುತ್ತಿರಲಿಲ್ಲ.