ಮುಡಿ ಕೊಡುವ ತನಕ ಲಂಗ

ಮೊನ್ನೆ ಬಂಗಾರಪೇಟೆಯ ಒಂದು ಸ್ಟುಡಿಯೋದಲ್ಲಿ ಪಿಂಚಣಿ ಕಾಗದದ ಫೋಟೋಗಾಗಿ ಕಾದು ಕೂತಿದ್ದೆ. ನನಗಿಂತ ಮುಂಚೆ ಬಂದಿದ್ದ ಗಂಡ ಹೆಂಡತಿ ತಮ್ಮ ಪುಟ್ಟ ಮಗನಿಗೆ ಜರಿಯಂಚಿನ ಲಂಗ ತೊಡಿಸಿ, ಜಡೆ ಹೆಣೆದು, ಕನಕಾಂಬರ ಮುಡಿಸಿ ಕ್ಯಾಮೆರಾದ ಮುಂದೆ ನಿಲ್ಲಿಸಿದ್ದರು. ದೇವರಿಗೆ ಮುಡಿ ಕೊಡುವ ಮುಂಚೆ ಒಂದು ನೆನಪಿಗಿರಲಿ ಎಂದು. ಫೋಟೋ ಆದ ತಕ್ಷಣ ಲಂಗ ಬಿಚ್ಚಿ ಜೀನ್ಸ್ ಹಾಕಿದರು. ನನಗೆ ನಗು ಬಂತು. ಇವನದು ಹತ್ತು ನಿಮಿಷದ ಲಂಗ, ನಾನು ಐದು ವರ್ಷ ಉಟ್ಟವನು.

ಹುಟ್ಟಿದ್ದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ. ನನಗಿಂತ ಮೊದಲು ಹುಟ್ಟಿದ್ದ ಇಬ್ಬರು ಅಣ್ಣಂದಿರು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದರು. ಹಾಗೆ ಗಂಡುಮಕ್ಕಳು ಉಳಿಯದ ಮನೆಯಲ್ಲಿ ಮತ್ತೆ ಗಂಡು ಹುಟ್ಟಿದರೆ ಅದನ್ನು ಹೆಣ್ಣಿನಂತೆ ಬೆಳೆಸುತ್ತಿದ್ದರು. ಹುಡುಕಿಕೊಂಡು ಬರುವ ಸಾವು ಮೋಸಹೋಗಿ ಮುಂದಿನ ಮನೆಗೆ ಹೋಗಲಿ ಎಂದು. ಎಳೆಗೂಸಾಗಿದ್ದ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯವಳ ಕೈಲಿ ಎತ್ತಿಸಿ, ಒಂದು ಮೊರ ತೌಡು ಕೊಟ್ಟು ಅಮ್ಮ ವಾಪಸ್ ಕೊಂಡುಕೊಂಡಳಂತೆ. ನಿಮ್ಮ ಬೆಲೆ ಅಷ್ಟೇ ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ. ಆಮೇಲೆ ಮೂಗು ಚುಚ್ಚಿ ಬೊಟ್ಟು ಇಟ್ಟರು, ಮನೆದೇವರಿಗೆ ಹರಕೆ ಕಟ್ಟಿದರು. ಮುಡಿ ಕೊಡುವ ತನಕ ಮೈಗೆ ಚಡ್ಡಿ ಸೋಕಬಾರದು.

ನಿಜ ಹೇಳಬೇಕೆಂದರೆ ಆ ದಿನಗಳು ನನಗೆ ಬಲು ಇಷ್ಟ. ಅಮ್ಮ ಎಳೆಬಿಸಿಲಲ್ಲಿ ಕೂರಿಸಿ, ಹರಳೆಣ್ಣೆ ಹಚ್ಚಿ ಜಡೆ ಹಾಕುವಾಗ ಅವಳ ಮೊಣಕಾಲುಗಳ ನಡುವೆಯೇ ತೂಕಡಿಸುತ್ತಿದ್ದೆ. ಅಂಥ ಸುಖದ ಜಾಗ ಆಮೇಲೆ ಎಲ್ಲೂ ಸಿಗಲಿಲ್ಲ. ಹಿತ್ತಲ ಹೂವೆಲ್ಲ ನನ್ನ ತಲೆಗೇ. ಲಂಗದ ಮಡಿಲಿಗೆ ಹಿಡಿಸುತ್ತಿದ್ದಷ್ಟು ಕಡಲೇಕಾಯಿ ಯಾವ ಚಡ್ಡಿಯ ಜೇಬಿಗೆ ಹಿಡಿಸೀತು?

ಅಪ್ಪನಿಗೆ ಮಾತ್ರ ಇದು ಆಗಿಬರುತ್ತಿರಲಿಲ್ಲ. ಅವನು ಸೈಕಲ್ಲಿನಲ್ಲಿ ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಹಾಲು ಹಾಕುತ್ತಿದ್ದ. ನನ್ನನ್ನು ಮುಂದೆ ಕೂರಿಸಿಕೊಂಡು ಹೋದರೆ ಅಲ್ಲಿನ ಹೆಂಗಸರು ಮಗಳೆಂದೇ ತಿಳಿದು ಕೆನ್ನೆ ಹಿಂಡುತ್ತಿದ್ದರು, ಅಪ್ಪ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಲಂಗ ನೋಡಿ ಮೋಸಹೋಗೋಕೆ ಸಾವೇನು ಕುರುಡಾ ಎಂದು ಮನೆಗೆ ಬಂದು ಅಮ್ಮನನ್ನು ಚುಚ್ಚುತ್ತಿದ್ದ. ಮಾರನೆಯ ಬೆಳಿಗ್ಗೆ ಅಮ್ಮ ಹಾಕುವ ಜಡೆ ಇನ್ನೂ ಬಿಗಿಯಾಗಿ ಬೀಳುತ್ತಿತ್ತು.

ಸ್ಕೂಲಿಗೆ ಸೇರಿಸುವ ವರ್ಷ ಅಪ್ಪ ಆಂಡರ್ಸನ್‌ಪೇಟೆಯಿಂದ ಖಾಕಿ ಚಡ್ಡಿ ತಂದ. ಈ ತಿಂಗಳು ಬೇಡ, ಮುಂದಿನ ತಿಂಗಳು ನೋಡೋಣ ಎಂದು ಅಮ್ಮ ದಿನ ತಳ್ಳಿದಳು. ಕೊನೆಗೆ ಅಪ್ಪನ ಹಟವೇ ಗೆದ್ದಿತು. ಸೋದರಮಾವನ ತೊಡೆಯ ಮೇಲೆ ಕೂರಿಸಿ ತಲೆ ಬೋಳಿಸಿದರು, ಮೂಗುಬೊಟ್ಟು ತೆಗೆದರು. ಒರಟು ಚಡ್ಡಿ ತೊಡೆಗೆ ಉಜ್ಜಿ ನಾನು ಅತ್ತೆ. ಅಮ್ಮ ನನ್ನ ಕಡೆ ತಿರುಗಿ ನೋಡಲಿಲ್ಲ.

ವಾರ ಕಳೆದಿರಲಿಲ್ಲ, ಜ್ವರ ಬಂತು. ಡಾಕ್ಟರು ಕೊಟ್ಟ ಮಾತ್ರೆಗೂ ಜಗ್ಗಲಿಲ್ಲ. ಅಮ್ಮ ಅಪ್ಪನನ್ನು ಬೈಯಲಿಲ್ಲ, ಅಳಲೂ ಇಲ್ಲ. ಮುಂದೇನಾಗುತ್ತದೆಂದು ಗೊತ್ತಿರುವವಳಂತೆ ಗೋಡೆಗೊರಗಿ ಕೂತುಬಿಟ್ಟಳು. ಅವಳ ಆ ಮುಖ ನೋಡಿ ನನಗೆ ಜ್ವರಕ್ಕಿಂತ ಹೆಚ್ಚು ಭಯವಾಗಿತ್ತು.

ಮಧ್ಯಾಹ್ನ ಅಪ್ಪ ಹಾಲಿನ ಕ್ಯಾನುಗಳನ್ನು ಅಂಗಳದಲ್ಲೇ ಬಿಟ್ಟು ಒಳಗೆ ಬಂದ. ಪೆಟ್ಟಿಗೆ ತೆರೆದು ಲಂಗ ಹುಡುಕಿದ. ನನ್ನನ್ನು ಎತ್ತಿ ನಿಲ್ಲಿಸಿ, ಚಡ್ಡಿ ಬಿಚ್ಚಿ, ತಾನೇ ಲಂಗ ಉಡಿಸಿದ. ಲಾಡಿ ಕಟ್ಟಲು ಬಾರದೆ ಎಮ್ಮೆಯ ಹಗ್ಗಕ್ಕೆ ಹಾಕುವ ಗಂಟನ್ನೇ ಹಾಕಿದ. ಬೋಳುತಲೆಯಲ್ಲಿ ಹೂವು ನಿಲ್ಲದು, ಒಂದನ್ನು ಕಿವಿಗೆ ಸಿಕ್ಕಿಸಿದ. ಆಮೇಲೆ ಹೊಸ್ತಿಲಲ್ಲಿ ನಿಂತು, ಯಾರೂ ಇಲ್ಲದ ಬೀದಿಯ ಕಡೆ ಮುಖ ಮಾಡಿ ಹೇಳಿದ:

"ಈ ಮನೇಲಿ ಗಂಡುಮಕ್ಳು ಯಾರೂ ಇಲ್ಲ. ಇದ್ದ ಇಬ್ರೂ ಒಂಟೋದ್ರು. ಇರೋದು ಇದೊಂದೇ ಎಣ್ಣುಮಗು ಕಣಪ್ಪಾ, ಬುಟ್ಬುಡು."

ಜ್ವರ ಆ ಸಂಜೆ ಇಳಿಯಿತೋ ಮರುದಿನವೋ, ನೆನಪಿಲ್ಲ. ಮಾತ್ರೆಯಿಂದಲೇ ಇದ್ದೀತು. ನೆನಪಿರುವುದು, ಅಮ್ಮ ಗೋಡೆ ಬಿಟ್ಟು ಎದ್ದು ಹೋಗಿ ಅಪ್ಪನ ತೋಳು ಹಿಡಿದು ಅತ್ತದ್ದು. ಎಷ್ಟೋ ವರ್ಷದ ಮೇಲೆ ಅವಳೇ ಹೇಳಿದಳು: ಅಣ್ಣಂದಿರನ್ನು ಮಣ್ಣು ಮಾಡಿ ಬಂದ ಮೇಲೆ ಅವರ ವಿಷಯವಾಗಿ ಅಪ್ಪನ ಬಾಯಿಂದ ಬಂದ ಮೊದಲ ಮಾತು ಅದೇ ಅಂತೆ.